ಮಗುವಿಗಿಂತ ಮೊದಲು ಬಂದ ಪತ್ರ

ಮಧ್ಯಾಹ್ನ ಮಲಗಿದವಳಿಗೆ ನಿದ್ದೆ ಬಂದಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂಬತ್ತನೇ ತಿಂಗಳಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವಿನ ಬಾಗಿಲಿಗೆ ಚಿಲಕವೇ ಇರುವುದಿಲ್ಲ. ಪರದೆಯಿಂದ ಸೋಸಿ ಬಂದ ಬಿಸಿಲು ಗೋಡೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಮದುವೆಗೆ ಮುಂಚೆ ತಾನು ಮಲಗುತ್ತಿದ್ದ ಈ ಕೋಣೆಯೇ ದಡ ಬಿಟ್ಟು ಮೆಲ್ಲಗೆ ಎಲ್ಲಿಗೋ ತೇಲಿಹೊರಟಂತೆ ಅನಿಸುತ್ತಿತ್ತು. ಕೆಳಗೆ ಅಪ್ಪನ ಅಚ್ಚುಕೂಟದ ಯಂತ್ರ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಹೊಟ್ಟೆಯೊಳಗಿನದು ಆ ಲಯಕ್ಕೆ ಸರಿಯಾಗಿ ಒದೆಯುತ್ತಿತ್ತು.

ಎಂಟು ವರ್ಷದ ಹಿಂದೆ ಮಿಷನರಿಯ ಕೈಹಿಡಿದು ದೂರದೇಶಕ್ಕೆ ಹೋದವಳು ಅವಳು. ಅಲ್ಲಿ ಹೊಳೆಯಾಚೆಗಿನ ಒಂದು ಹಳ್ಳಿ, ಗಂಡನ ಶಾಲೆ, ಪ್ರಾರ್ಥನೆಯ ಮನೆ, ಅವಳ ಔಷಧಿ ಪೆಟ್ಟಿಗೆ. ಹೆರಿಗೆಗೆಂದು ಗಂಡನನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು ತವರಿಗೆ ಬಂದು ಮೂರು ವಾರವಾಗಿತ್ತು.

ಯಾರೋ ಮೆಟ್ಟಿಲು ಹತ್ತಿ ಬಂದರು. ಚರ್ಚಿನ ಸಭೆಯಲ್ಲಿ ಆರ್ಗನ್ ನುಡಿಸುವಾಕೆ, ಕೈಯಲ್ಲಿ ಹೆಣೆದ ಪುಟ್ಟ ಟೋಪಿ.

"ಎಲ್ಲಿ, ಕೊಡಮ್ಮ ಇಲ್ಲಿ ಮಗೂನ!"

"ಮಗು ಇನ್ನೂ ಒಳಗೇ ಇದೆಯಲ್ಲ ಅತ್ತೆ."

"ತಮಾಷೆ ಮಾಡ್ಬೇಡ." ಆಕೆ ಇವಳ ಹೊಟ್ಟೆಯನ್ನು ನೋಡಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದಳು. "ಹಾಗಾದ್ರೆ ಇದೇನು?" ಎಂದು ಚೀಲದಿಂದ ಒಂದು ಹಾಳೆ ತೆಗೆದುಕೊಟ್ಟಳು.

ತಿಂಗಳ ಪ್ರಾರ್ಥನಾಪತ್ರ. ಇವರಿಗಾಗಿ ಪ್ರಾರ್ಥಿಸುವ ಮುನ್ನೂರು ಮನೆಗಳಿಗೆ ಗಂಡ ಬರೆಯುವುದು, ಅಪ್ಪ ಅಚ್ಚು ಹಾಕಿ ಅಂಚೆಗೆ ಹಾಕುವುದು, ಎಂಟು ವರ್ಷದಿಂದ ನಡೆದು ಬಂದದ್ದು. "ದೇವರ ಕೃಪೆಯಿಂದ ನಮಗೆ ಮಗುವಾಗಿದೆ. ತಾಯಿಯೂ ಮಗುವೂ ಕ್ಷೇಮ. ಮಗುವಿಗೆ ಆರು ವಾರ ತುಂಬಿದ ಕೂಡಲೇ ಸೇವೆಯ ಸ್ಥಳಕ್ಕೆ ಸಂತೋಷದಿಂದ ಮರಳುತ್ತೇವೆ."

ಹಳ್ಳಿಯಿಂದ ಟಪಾಲು ಇಲ್ಲಿಗೆ ತಲುಪಲು ಒಂದು ತಿಂಗಳು ಬೇಕು. ಹಾಗಾಗಿ ಆಗಬೇಕಾದದ್ದನ್ನೆಲ್ಲ ಆಗಿಹೋದಂತೆ ಬರೆಯುವುದು ಗಂಡನ ಅಭ್ಯಾಸ. ಶಾಲೆಗೆ ಹೆಂಚು ಹೊದಿಸುವ ಮೊದಲೇ ಹೊದಿಸಿಯಾಯಿತು ಎಂದು ಬರೆದರೆ, ಓದುವವರು ಓದುವ ಹೊತ್ತಿಗೆ ಅದು ನಿಜವಾಗಿರುತ್ತಿತ್ತು. ಈ ಸಲ ಪತ್ರ ಹೊಳೆ ದಾಟಬೇಕಿರಲಿಲ್ಲ, ಮೆಟ್ಟಿಲಿಳಿದರೆ ಸಾಕಿತ್ತು. ಅವನು ಅದನ್ನು ಮರೆತ. ಅಪ್ಪ ಅದೇ ದಿನ ಅಚ್ಚು ಹಾಕಿ ಕಳಿಸಿಬಿಟ್ಟ.

ಸಂಜೆಯೊಳಗೆ ಆರು ಟೋಪಿ, ಎರಡು ಕಂಬಳಿ, ಒಂದು ತೊಟ್ಟಿಲು ಬಂದವು.

"ಬಂದವರಿಗೆ ಏನು ತೋರಿಸ್ಲಿ?" ಅಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. "ಓದಿಯಾದ್ರೂ ನೋಡ್ಬಾರದಿತ್ತಾ? ಮಗಳು ಬಸುರಿ ಅಂತ ಗೊತ್ತಿಲ್ವಾ ನಿಮಗೆ?"

"ಅಚ್ಚು ಹಾಕುವವನು ಅಕ್ಷರ ನೋಡ್ತಾನೆ ಕಣೇ, ಅರ್ಥ ನೋಡಲ್ಲ," ಅಂದ ಅಪ್ಪ. "ಒಂದು ತಪ್ಪು ತೋರಿಸು ಅದರಲ್ಲಿ!"

ಗಂಡ ಕಿವಿಯವರೆಗೂ ಕೆಂಪಾಗಿ ನಕ್ಕ. ಅವಳೂ ನಕ್ಕಳು. ಹೊಟ್ಟೆ ಹಿಡಿದು ನಗುತ್ತಿದ್ದಾಗಲೇ ಪತ್ರದ ಕೊನೆಯ ಮಾತು ಒಳಗಿಳಿಯಿತು. ಆರು ವಾರ. ಅವಳನ್ನು ಯಾರೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ಅಲ್ಲಿ ಹುಟ್ಟಿದ ಗಂಡುಮಗು ಏಳು ವಾರ ಬದುಕಿತ್ತು. ಆ ತಿಂಗಳ ಪತ್ರದಲ್ಲಿ ಗಂಡ ಬರೆದದ್ದು ಒಂದೇ ಸಾಲು: "ಒಂದು ಕಠಿಣ ಪರೀಕ್ಷೆಯನ್ನು ದಾಟಿದೆವು." ದಾಟಿದ್ದು ಯಾರು? ಹೊಳೆ ತುಂಬಿತ್ತು, ದೋಣಿಯವನು ಬರಲಿಲ್ಲ. ಜ್ವರದಿಂದ ಸುಡುವ ಮಗುವನ್ನು ಎತ್ತಿಕೊಂಡು ಅವಳು ಎರಡು ಹಗಲು ದಡದ ಮೇಲೆ ಕೂತಿದ್ದಳು. ಆಚೆ ದಡದಲ್ಲಿ ಆಸ್ಪತ್ರೆಯ ಬಿಳಿ ಗೋಡೆ ಮಂಜಿನಲ್ಲಿ ಕಾಣಿಸುವುದು, ಕರಗುವುದು, ಮತ್ತೆ ಕಾಣಿಸುವುದು. ಈಗಲೂ ಕಣ್ಣು ಮುಚ್ಚಿದರೆ ಆ ಗೋಡೆ ಅವಳತ್ತ ತೇಲಿ ಬರುತ್ತಿತ್ತು, ಒಮ್ಮೆಯೂ ಮುಟ್ಟುತ್ತಿರಲಿಲ್ಲ. ಈ ಬಗ್ಗೆ ಗಂಡಹೆಂಡಿರು ಆಮೇಲೆ ಮಾತಾಡಿದ್ದೇ ಇಲ್ಲ. ದೇವರ ಕೆಲಸಕ್ಕೆ ಹೊರಟವರು ಭಯದ ಮಾತಾಡಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೇ ಹಾಗಂದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದಳು. ಅಚ್ಚುಕೂಟದಲ್ಲಿ ಮಸಿ, ಸೀಮೆಎಣ್ಣೆ, ಹೊಸ ಕಾಗದದ ವಾಸನೆ. ಗಂಡ ಮೂಲೆಯ ಮೇಜಿನಲ್ಲಿ ತಿದ್ದುಪಡಿಯ ಚೀಟಿ ಬರೆಯುತ್ತಿದ್ದ. ಅಪ್ಪ ಸೀಸದ ಅಕ್ಷರಗಳ ಖಾನೆಗಳ ಮುಂದೆ ಕಾದು ನಿಂತಿದ್ದ.

"ಓದಿ," ಅಂದಳು.

"'ಹಿಂದಿನ ಪತ್ರದಲ್ಲಿ ಒಂದು ತಪ್ಪು ನುಸುಳಿದೆ. ಮಗು ಇನ್ನೂ ಹುಟ್ಟಿಲ್ಲ. ಉಳಿದ ವಿಷಯಗಳಲ್ಲಿ ಬದಲಾವಣೆಯಿಲ್ಲ.'"

"ಎರಡು ತಪ್ಪಿವೆ."

ಗಂಡ ತಲೆಯೆತ್ತಿದ. ಅಪ್ಪ ಇದ್ದಕ್ಕಿದ್ದಂತೆ ಏನೋ ನೆನಪಾದವನಂತೆ ಕಾಗದ ತರುವ ನೆಪ ಹೇಳಿ ಹೊರಗೆ ಹೋದ.

"ಆರು ವಾರಕ್ಕೆ ನಾನು ಬರಲ್ಲ," ಅಂದಳು. ದನಿ ತನ್ನದಲ್ಲವೆಂಬಂತೆ ದೂರದಿಂದ ಕೇಳಿಸಿತು. "ಈ ಮಗು ತನ್ನ ಕಾಲ ಮೇಲೆ ನಡೆಯೋವರೆಗೆ ಇಲ್ಲೇ ಇರ್ತೀನಿ."

"ಅಂದ್ರೆ ಒಂದು ವರ್ಷ!"

"ಕೆಲವು ಮಕ್ಕಳು ತಡವಾಗಿ ನಡೀತವೆ."

ಅವನಿಗೆ ನಗು ಬರಲಿಲ್ಲ. "ಶಾಲೆ? ಎಂಬತ್ತು ಮಕ್ಕಳು ಕಾಯ್ತಿದಾರೆ. ಸಭೆಯವರಿಗೆ ಏನು ಹೇಳ್ಲಿ? ನಾವು ಹೆದರಿದೀವಿ ಅಂತಲಾ?"

"ನೀವು ಹೋಗಿ, ಶಾಲೆ ನಡೆಸಿ. ಬೇಡ ಅನ್ನಲ್ಲ. ಹೆದರಿದವಳು ನಾನೊಬ್ಬಳೇ ಅಂತ ಬರೀರಿ."

ಅವನು ಲೇಖನಿಯನ್ನು ಚೀಟಿಯ ಮೇಲಿಟ್ಟ. ಕಿಟಕಿಯ ಬೆಳಕಿನಲ್ಲಿ ಕಾಗದದ ನವಿರು ಧೂಳು ಏಳುತ್ತಿತ್ತು, ಬೀಳುತ್ತಿರಲಿಲ್ಲ. ಅಂಗಳದಲ್ಲಿ ಮಗಳು ಆರೂ ಟೋಪಿಗಳನ್ನು ಒಂದರ ಮೇಲೊಂದು ಹಾಕಿಕೊಂಡು ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದಳು.

"ಆ ಎರಡನೇ ದಿನ," ಅಂದ ಅವನು ಕೊನೆಗೆ, "ನಾನು ಹೊಳೆಯ ತಿರುವಿನಾಚೆ ಹೋಗಿ, ಈಜಿ ದಾಟೋಣ ಅಂತ ನೀರಿಗಿಳಿದಿದ್ದೆ. ಸೊಂಟದವರೆಗೆ ಹೋಗಿ ವಾಪಸ್ ಬಂದೆ. ನಿನಗೆ ಹೇಳಲಿಲ್ಲ."

ಅವಳು ಅವನ ಪಕ್ಕದ ಸ್ಟೂಲಿನ ಮೇಲೆ ನಿಧಾನವಾಗಿ ಕೂತಳು. ಇಬ್ಬರ ಮೊಣಕೈ ತಾಕಿದವು, ಯಾರೂ ತೆಗೆಯಲಿಲ್ಲ.

ಅವನು ಚೀಟಿಯನ್ನು ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದ. ಒಂದು ಸಾಲು ಬರೆದು ಹೊಡೆದುಹಾಕಿದ. ಇನ್ನೊಂದು ಬರೆದು ಅವಳತ್ತ ಸರಿಸಿದ. "ನನ್ನ ಹೆಂಡತಿ, ಮಕ್ಕಳು ಈ ವರ್ಷ ಇಲ್ಲೇ ಇರುತ್ತಾರೆ. ನಾನೊಬ್ಬನೇ ಹೋಗುತ್ತೇನೆ. ನಮಗೆ ಆ ಹೊಳೆಯ ಭಯವಿದೆ."

ಅವಳು 'ನಮಗೆ' ಎಂಬಲ್ಲಿ ಬೆರಳಿಟ್ಟಳು. ಆಮೇಲೆ ಚೀಟಿಯನ್ನು ಎತ್ತಿಕೊಂಡು, ಹೊರಗೆ ನಿಂತಿದ್ದ ಅಪ್ಪನನ್ನು ಕೂಗಿದಳು.