ಹಲಸು ತಿಂದು ಊದಿದ್ದು

ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ರೋಸಿಲಿಗೆ ಸಿಐಡಿ ಎಂದೇ ಹೆಸರು. ಕುವೈತಿನಲ್ಲಿದ್ದ ನಾದಿನಿ ಜೆಸ್ಸಿ ದಿನಕ್ಕೊಂದು ತಿನಿಸಿನ ಸೋಜಿಗ ಕಳಿಸುತ್ತಿದ್ದಳು. ಮೀನು ತಿಂದು ಮೊಸರು ಕುಡಿದರೆ ಚರ್ಮ ಬೆಳ್ಳಗಾಗುತ್ತದೆ, ಅನಾನಸು ನಮ್ಮ ನಾಲಗೆಯನ್ನೇ ತಿನ್ನುತ್ತದೆ, ಹೀಗೆ. ಉಳಿದವರು ಕೈಮುಗಿದ ಚಿತ್ರ ಹಾಕಿ ಸುಮ್ಮನಾದರೆ, ರೋಸಿಲಿ ಮಾತ್ರ "ಯಾರು ತಿಂದು ನೋಡಿದ್ದು?" ಎಂದು ಕೇಳುತ್ತಿದ್ದಳು. ಪೇಟೆಯಲ್ಲಿ ಪ್ಲಾಸ್ಟಿಕ್ ಮೊಟ್ಟೆ ಬಂದಿದೆಯೆಂಬ ಸುದ್ದಿ ಹಬ್ಬಿದಾಗ ಒಂದು ಮೊಟ್ಟೆಯನ್ನು ಕೆಂಡದಲ್ಲಿ ಸುಟ್ಟು, ಮೂಸಿ, "ಕೋಳಿದೇ" ಎಂದು ಬರೆದಿದ್ದಳು.

ಅಂಥವಳ ಮನೆಗೇ ಹಲಸಿನ ಸುದ್ದಿ ಬಂತು.

ಗಂಡ ಔಸೇಪ್ ಕೇರಳದ ಮುಂಡಕ್ಕಯಂನಲ್ಲಿ ಖಾಸಗಿ ಬಸ್ಸಿನ ಡ್ರೈವರ್. ಒಂದು ಬೆಳಿಗ್ಗೆ ಕೆಲಸಕ್ಕೆ ಹೋದವನು ಸ್ವಲ್ಪ ಹೊತ್ತಿಗೇ ಮುಖ ಸಣ್ಣ ಮಾಡಿಕೊಂಡು ಮರಳಿದ. ಕುಡಿದಿದ್ದಾರೆಯೇ ಎಂದು ನೋಡಲು, ಬಸ್ಸು ಹತ್ತುವ ಮೊದಲು ಡ್ರೈವರುಗಳೆಲ್ಲ ಊದಬೇಕಾದ ಮೆಷಿನ್ನು ಅವನು ಊದಿದಾಗ ಕೂಗಿಬಿಟ್ಟಿತ್ತು. ಮಾಲೀಕ ವರ್ಕಿ ಬಸ್ಸಿನ ಕೀಲಿ ಕಿತ್ತುಕೊಂಡಿದ್ದ.

"ನಾನು ಕುಡ್ದಿಲ್ಲ ಕಣೇ," ಎಂದ ಔಸೇಪ್. "ಶೆಡ್ಡಲ್ಲಿ ಸಾಬು ಹಲಸಿನ ಹಣ್ಣು ಬಿಡಿಸಿಟ್ಟಿದ್ದ. ಅದನ್ನ ತಿಂದು ನೇರ ಹೋಗಿ ಊದ್ದೆ, ಅಷ್ಟೇ."

"ಹಲಸು ತಿಂದ್ರೆ ಮೆಷಿನ್ ಕೂಗತ್ತಾ?"

"ಕೂಗತ್ತಂತೆ. ಜೆಸ್ಸಿ ಗುಂಪಿಗೆ ಹಾಕಿದ್ದಾಳೆ, ನೋಡು."

ರೋಸಿಲಿ ಫೋನು ನೋಡಿದಳು. ಮಾಗಿ ಹುಳಿತ ಹಲಸು ತಿಂದು ಊದಿದರೆ ಮೆಷಿನ್ನಿಗೆ ಕುಡಿದವರ ಬಾಯಂತೆಯೇ ಕಾಣುತ್ತದೆ ಎಂಬ ಸುದ್ದಿ ಆಗಷ್ಟೇ ಬಂದಿತ್ತು.

"ಅಲ್ಲ ಇಚ್ಚಾಯಾ, ಮೆಷಿನ್ ಕೂಗಿದ್ದು ಮೊದಲು, ಈ ಸುದ್ದಿ ಬಂದಿದ್ದು ಆಮೇಲೆ. ನಿಮ್ಮ ತಂಗಿ ಕುವೈತಲ್ಲಿ ಕೂತ್ಕೊಂಡು ನಿಮ್ಮ ಬಾಯಿ ಮೂಸಿದ್ಲಾ?"

"ನಾನೇ ಫೋನ್ ಮಾಡಿ ಕೇಳ್ದೆ. ಅವಳು ಹುಡುಕಿ ಹಾಕಿದ್ಲು."

"ಹಾಗೆ ಹೇಳಿ. ಕೇಳಿ ಹಾಕಿಸ್ಕೊಂಡಿದ್ದು."

ಕಳೆದ ವರ್ಷದ ಈಸ್ಟರ್ ಉಪವಾಸಕ್ಕೆ ಔಸೇಪ್ ಕುಡಿತ ಬಿಟ್ಟಿದ್ದ. ಅದಕ್ಕೆ ಮುಂಚೆಯೂ ಎಷ್ಟೋ ಸಲ ಬಿಟ್ಟಿದ್ದ. ಆಗೆಲ್ಲ ಬಾಟಲಿ ಎಲ್ಲೆಲ್ಲಿ ಅಡಗುತ್ತಿತ್ತು ಎಂಬುದು ರೋಸಿಲಿಗೆ ಬಾಯಿಪಾಠ. ಅಕ್ಕಿಯ ಡ್ರಮ್ಮಿಗೆ ತೋಳು ಮುಳುಗಿಸಿ ತಡಕಿದಳು. ರಬ್ಬರ್ ಹಾಳೆ ಒಣಗಿಸುವ ಹೊಗೆಗೂಡಿನಲ್ಲಿ ಇಣುಕಿದಳು. ಸ್ಕೂಟರಿನ ಸೀಟು ಎತ್ತಿದಳು. ಎಲ್ಲೂ ಏನೂ ಇರಲಿಲ್ಲ. ಹಾಗಾದರೆ ಹೊಸ ಜಾಗ ಕಂಡುಕೊಂಡಿದ್ದಾನೆ ಎಂದುಕೊಂಡಳು. ಔಸೇಪ್ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ತಡೆಯಲಿಲ್ಲ, ರೇಗಲೂ ಇಲ್ಲ.

ಸಂಜೆ ಅವಳು ಕಂಡಕ್ಟರ್ ಸಾಬುಗೆ ಫೋನ್ ಮಾಡಿದಳು. "ಹಣ್ಣು ಎಂಥದ್ದಿತ್ತು? ಗಟ್ಟಿ ತೊಳೆಯ ಬಕ್ಕೆಯಾ?"

"ಅಲ್ಲ ಚೇಚಿ, ಮೆತ್ತಗೆ ಜಾರೋ ಜಾತಿದು. ಒಂಚೂರು ಹುಳಿ ವಾಸನೆ ಬೇರೆ ಹೊಡೀತಿತ್ತು. ಔಸೇಪ್ ಚೇಟ್ಟ ಬಿಡದೆ ತಿಂದ್ರು."

ಇಬ್ಬರ ಮಾತೂ ತಾಳೆಯಾಗಿದ್ದು ಅವಳ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು. ಮೊದಲೇ ಮಾತಾಡಿಕೊಂಡಿದ್ದರೆ?

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮಾಗಿ ಬಿದ್ದಿದ್ದ ಹಲಸನ್ನು ಗೋಣಿಯಲ್ಲಿ ಕಟ್ಟಿಕೊಂಡು ಅವಳೇ ಬಸ್ ಸ್ಟ್ಯಾಂಡಿಗೆ ಹೊರಟಳು. ಔಸೇಪ್ ಹಿಂದೆ ಬಂದ.

"ಏನಮ್ಮಾ, ಗಂಡನ ಕೆಲಸಕ್ಕೆ ಹಣ್ಣು ಕಾಣಿಕೆನಾ?" ಎಂದ ವರ್ಕಿ.

"ಅವರ ಪರ ಬಂದಿಲ್ಲ ಮೊದಲಾಳಿ. ಸುಳ್ಳಾದ್ರೆ ನಾನೂ ಅವರನ್ನ ಮನೆಗೆ ಸೇರಿಸಲ್ಲ. ಆ ಮೆಷಿನ್ ಕೊಡಿ."

ಡ್ರೈವರುಗಳು, ಕಂಡಕ್ಟರುಗಳು ಸುತ್ತ ನೆರೆದರು. ರೋಸಿಲಿ ಮೊದಲು ಬರಿಬಾಯಲ್ಲಿ ಊದಿದಳು, ಮೆಷಿನ್ನು ಸುಮ್ಮನಿತ್ತು. ತೊಳೆ ಮೇಲೆ ತೊಳೆ ನುಂಗಿ ಮತ್ತೆ ಊದಿದಳು. ಇಡೀ ಸ್ಟ್ಯಾಂಡಿಗೆ ಕೇಳುವಂತೆ ಅದು ಕೂಗಿತು.

"ಚೇಚಿಗೆ ಏರ್ತು!" ಎಂದು ಯಾರೋ ಕೇಕೆ ಹಾಕಿದರು.

ವರ್ಕಿ ನಗಲಿಲ್ಲ. "ಕಳ್ಳಲ್ಲಿ ನೆನೆಸಿ ತಂದಿಲ್ಲ ಅಂತ ಏನು ಗ್ಯಾರಂಟಿ?" ಎಂದು ತೊಳೆಯನ್ನು ಮೂಸಿದ.

ಬೇರೆಯವರನ್ನು ಶಂಕಿಸುವುದು ಅವಳಿಗೆ ರೂಢಿ. ತನ್ನನ್ನೇ ಶಂಕಿಸಿದಾಗ ಕಿವಿ ಬಿಸಿಯಾಯಿತು. ಬಾಯಿ ತೊಳೆದು ಬೆಂಚಿನ ಮೇಲೆ ಕೂತಳು. ಒಂದು ಬಸ್ಸು ತುಂಬಿ ಹೊರಡುವಷ್ಟು ಹೊತ್ತು ಬಿಟ್ಟು ಊದಿದಾಗ ಮೆಷಿನ್ನು ಉಸಿರೆತ್ತಲಿಲ್ಲ. "ಕುಡ್ದಿದ್ರೆ ಇಷ್ಟು ಬೇಗ ಇಳಿಯತ್ತಾ ಮೊದಲಾಳಿ? ಹಣ್ಣಿನ ಮೇಲೆ ಅನುಮಾನ ಇದ್ರೆ ನಿಮ್ಮ ಮರದ್ದೇ ತರಿಸಿ."

ವರ್ಕಿ ತರಿಸಿದ. ಹೆಂಡದ ವಾಸನೆಯನ್ನೂ ಸಹಿಸದ ಆ ಮನುಷ್ಯ ತನ್ನದೇ ಮರದ ಹಣ್ಣು ತಿಂದು ಊದಿದ. ಮೆಷಿನ್ನು ಅವನನ್ನೂ ಬಿಡಲಿಲ್ಲ. ಕೀಲಿಯನ್ನು ಔಸೇಪನ ಕೈಗಿಟ್ಟು, "ಇನ್ಮೇಲೆ ಕೂಗಿದ್ರೆ ಬಾಯಿ ತೊಳ್ಸಿ ಇನ್ನೊಂದ್ಸಲ ಊದ್ಸೋಣ," ಎಂದ.

ಜನ ಚದುರಿದರು. ಗೆದ್ದು ಬಂದಿದ್ದರೂ ರೋಸಿಲಿಗೆ ಹಿಗ್ಗು ಬರಲಿಲ್ಲ. ತಾನು ಡ್ರಮ್ಮಿನೊಳಗೆ ತಡಕುತ್ತಿದ್ದಾಗ ಏನಾದರೂ ಸಿಗಲಿ ಎಂದೇ ತನ್ನ ಮನಸ್ಸು ಬಯಸಿತ್ತಲ್ಲ ಎಂಬುದು ಈಗ ಚುಚ್ಚತೊಡಗಿತು.

"ಈಗ್ಲಾದ್ರೂ ನಂಬಿಕೆ ಬಂತಾ?" ಔಸೇಪ್ ಮೆಲ್ಲಗೆ ಕೇಳಿದ.

"ಹಲಸಿನ ಮೇಲೆ ಬಂತು."

"ನನ್ಮೇಲೆ?"

ಅವಳು ಕೈಗಂಟಿದ ಮೇಣವನ್ನು ಉಜ್ಜುತ್ತ ನಿಂತಳು. "ನಿನ್ನೆ ನೀವು ಸುಳ್ಳು ಹೇಳಿಲ್ಲ. ಅಷ್ಟು ನಂಬ್ತೀನಿ. ಉಳಿದದ್ದಕ್ಕೆ ಟೈಮ್ ಬೇಕು ಇಚ್ಚಾಯಾ."

"ತಗೋ," ಎಂದ ಔಸೇಪ್. "ಅಷ್ಟು ವರ್ಷ ಸುಳ್ಳು ಹೇಳ್ದೋನು ನಾನು. ಅವಸರ ಮಾಡೋಕೆ ನಂಗೆ ಮುಖ ಎಲ್ಲಿದೆ?"

ಅವನು ಬಸ್ಸು ಹತ್ತಿದ. ಅವಳು ಖಾಲಿ ಗೋಣಿಯನ್ನು ಮಡಚಿ ಕಂಕುಳಿಗೆ ಸೇರಿಸಿ, ಮನೆಯ ಹತ್ತಿರದ ಸ್ಟಾಪಿನಲ್ಲಿ ಇಳಿಯಲೆಂದು ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಳು.