ಕೈಗುಣದ ಪುಸ್ತಕ

ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನ ಕನ್ನಡದವರು ಓದುವ ಪುಸ್ತಕಗಳನ್ನು ಅಂಗಡಿಯಿಂದ ತರುವುದಿಲ್ಲ, ಸುಲೋಚನಕ್ಕನ ಮನೆಯಿಂದ ತರುತ್ತಾರೆ. ಅವರು ನಿವೃತ್ತ ಸ್ಟೇಷನ್ ಮಾಸ್ತರ ಗುರುಸಿದ್ದಪ್ಪನವರ ಹೆಂಡತಿ. ಹುಬ್ಬಳ್ಳಿ, ಗದಗದ ಕಡೆಯಿಂದ ವರ್ಗವಾಗಿ ಬಂದವರು ಇಲಾಖೆಯ ಪರೀಕ್ಷೆ ಪಾಸಾದ ಮೇಲೆ ತಮ್ಮ ಗೈಡುಗಳನ್ನು ಈ ಅಕ್ಕನಿಗೆ ಒಪ್ಪಿಸಬೇಕು. ಅಕ್ಕ ಅವನ್ನು ದೇವರ ಕೋಣೆಯ ಕಪಾಟಿನಲ್ಲಿಟ್ಟು, ಮಾನವಮಿಯ ಖಂಡೆ ಪೂಜೆಯಲ್ಲಿ, ಅಂದರೆ ಆಯುಧ ಪೂಜೆಯಲ್ಲಿ, ಕುಂಕುಮ ಹಚ್ಚಿ, ಮುಂದೆ ಪರೀಕ್ಷೆಗೆ ಕೂರುವವರಿಗೆ ಎಲೆ ಅಡಿಕೆಯ ಜೊತೆ ಕೊಡುತ್ತಾರೆ. ಪಾಸಾದವರ ಕೈಯಲ್ಲಿ ಓಡಾಡಿದ ಪುಸ್ತಕಕ್ಕೆ ಕೈಗುಣ ಇರುತ್ತದಂತೆ. ಗುರುಸಿದ್ದಪ್ಪನವರು ಮನೀಶ್ ನಗರದಲ್ಲಿ ಸ್ವಂತ ಫ್ಲ್ಯಾಟ್ ಕೊಂಡು ಹೋದಾಗ ಕಪಾಟೂ ಅವರ ಹಿಂದೆ ಹೋಯಿತು, ಜನವೂ ಹೋದರು.

ನನ್ನ ಗಂಡ ಗಿರಿಧರನ ಬಡ್ತಿಗಳೆಲ್ಲ ಆ ಕಪಾಟಿನ ಪ್ರಸಾದವೇ. ರೈಲ್ವೆಯ ನಿಯಮಗಳು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲವಾದ್ದರಿಂದ ಅಲ್ಲಿ ಕೈಗುಣ ಸರಾಗವಾಗಿ ನಡೆಯಿತು. ನನ್ನ ಪಾಲಿಗೆ ನಡೆಯಲಿಲ್ಲ. ಆ ಸಂಗತಿಯನ್ನು ಸಮಾಧಾನದಿಂದ ಹೇಳುವಷ್ಟು ಒಳ್ಳೆಯ ಹೆಂಗಸು ನಾನಲ್ಲ.

ನಾನು ಧಾರವಾಡದಲ್ಲಿ ಕಂಪ್ಯೂಟರ್ ಓದಿದವಳು. ಮದುವೆಗೆ ಮುಂಚೆ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸವನ್ನೂ ಮಾಡಿದ್ದೆ. ಆಮೇಲೆ ಮಗಳು, ವರ್ಗ, ನಾಗಪುರ. ಮಗಳು ತನ್ನ ಜಡೆ ತಾನೇ ಹಾಕಿಕೊಳ್ಳುವಷ್ಟು ದೊಡ್ಡವಳಾದ ಮೇಲೆ ಒಂದು ದಿನ ಬಜಾಜ್ ನಗರದ ಒಂದು ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ಸಣ್ಣಪುಟ್ಟ ದವಾಖಾನೆಗಳಿಗೆ ವೆಬ್‌ಸೈಟು ಮಾಡಿಕೊಡುವ ಕಂಪನಿ. ಮನೆಯಲ್ಲಿ ಉಳಿದುಹೋದ ಹೆಂಗಸರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ, ಡೇಟಾಬೇಸೂ ವೆಬ್ ಪ್ರೋಗ್ರಾಮಿಂಗೂ ಬರಬೇಕು, ಬೇಸಿಗೆ ಮುಗಿಯುವ ಹೊತ್ತಿಗೆ ಪರೀಕ್ಷೆ ಎಂದಿತ್ತು. ಆ ಕೆಲಸ ನನಗೆ ಬೇಕಾಗಿತ್ತು. ಮನೆಗೆ ಅನುಕೂಲ ಆಗಲಿ ಎಂದೇನಲ್ಲ, ನನಗೆ ಬೇಕಾಗಿತ್ತು, ಅಷ್ಟೇ. ಯಾರಾದರೂ "ಮನೆಯವರು ಏನು ಮಾಡ್ತಾರೆ?" ಎಂದು ಕೇಳಿದಾಗ ಗಿರಿಧರ "ಏನಿಲ್ಲ, ಮನ್ಯಾಗ ಇರ್ತಾಳ" ಎನ್ನುತ್ತಾನಲ್ಲ, ಅದು ಕೇಳಿ ಕೇಳಿ ಮೈ ಉರಿದುಹೋಗಿತ್ತು.

ಫೋನಿನಲ್ಲೇ ಎಲ್ಲ ಕಲಿಯಬಹುದಲ್ಲ ಎಂದು ಈಗಿನವರು ಕೇಳುತ್ತಾರೆ. ನಮ್ಮ ಮನೆಯಲ್ಲಿ ಹೆಂಗಸು ಫೋನು ಹಿಡಿದರೆ ಅದು ಟೈಮ್‌ಪಾಸು, ಪುಸ್ತಕ ಹಿಡಿದರೆ ಮಾತ್ರ ಓದು. ಪುಸ್ತಕ ತೆರೆದು ಕೂತವಳನ್ನು ಕೂಲರಿಗೆ ನೀರು ತುಂಬು ಎಂದು ಎಬ್ಬಿಸುವಾಗ ಒಂದಿಷ್ಟಾದರೂ ಹಿಂದೆಮುಂದೆ ನೋಡುತ್ತಾರೆ. ಹಾಗಾಗಿ ನನಗೆ ಪುಸ್ತಕವೇ ಬೇಕಿತ್ತು.

ಗಿರಿಧರನನ್ನು ಹೊರಡಿಸಿಕೊಂಡು ಸೀತಾಬರ್ಡಿಯ ಪೇಟೆಗೆ ಹೋದೆ. ಪುಸ್ತಕದಂಗಡಿಯಲ್ಲಿ ಡೇಟಾಬೇಸಿನದೇ ಒಂದು ಗೋಡೆ. ನನಗೆ ಪುಸ್ತಕ ಆರಿಸುವುದು ಗೊತ್ತು, ಅದೊಂದನ್ನು ಮರೆತಿರಲಿಲ್ಲ. ಮೊದಲು ಯಾವ ವರ್ಷದ್ದು ಎಂದು ನೋಡಬೇಕು. ಆಮೇಲೆ ಪರಿವಿಡಿ. ಬೇಗಬೇಗ ಕಲಿಸುತ್ತೇನೆ ಎಂದು ಮುಖಪುಟದಲ್ಲೇ ಕೂಗುವುದನ್ನು ವಾಪಸ್ಸಿಡಬೇಕು. ಕೊನೆಗೆ ಮಧ್ಯದ ಒಂದು ಪುಟ ತೆಗೆದು ನಿಂತಲ್ಲೇ ಓದಬೇಕು, ನಿಂತು ಓದಿದರೆ ತಿಳಿಯದ್ದು ಕೂತು ಓದಿದರೂ ತಿಳಿಯುವುದಿಲ್ಲ. ಹೀಗೆ ಸೋಸಿ ಸೋಸಿ ಎರಡು ಪುಸ್ತಕ ಹಿಡಿದೆ. ಒಂದು, ಕಂಪ್ಯೂಟರ್ ಮುಟ್ಟುವ ಮೊದಲು ಮಾಹಿತಿಯನ್ನು ಕಾಗದದ ಮೇಲೆ ಹೇಗೆ ಹಂಚಿ ಬರೆಯಬೇಕೆಂದು ತಾಳ್ಮೆಯಿಂದ ಹೇಳುತ್ತಿತ್ತು. ಇನ್ನೊಂದು ವೆಬ್‌ನದು. ಅದರಲ್ಲಿ, ವೆಬ್‌ಸೈಟಿನ ಖಾಲಿ ಜಾಗದಲ್ಲಿ ಬರೆಯುವವನು ಯಾರೋ ಅಪರಿಚಿತ, ಅವನು ಬರೆದದ್ದನ್ನು ನೇರವಾಗಿ ಡೇಟಾಬೇಸಿನ ತನಕ ಬಿಟ್ಟುಕೊಳ್ಳಬೇಡಿ ಎಂದು ಶುರುವಾಗುವ ಒಂದು ಅಧ್ಯಾಯವಿತ್ತು. ಅರ್ಧ ಪುಟ ಓದಿದ್ದೆ. ಅಷ್ಟರಲ್ಲಿ ಗಿರಿಧರ ಎರಡನ್ನೂ ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟ.

"ಇವ್ಯಾಕ? ಸುಲೋಚನಕ್ಕಾರ ಮನ್ಯಾಗ ಅವರ ಮಗ ನಂದೀಶನ ಪುಸ್ತಕ ಅದಾವು. ಬರೋಬರ್ ಇದs ವಿಷಯ. ಅದನ್ನ ಓದೇ ಅವ ಪುಣೇದಾಗ ನೌಕರಿ ಹಿಡದಾನ."

"ಅವು ಹಳೇವು ಆಗ್ಯಾವ್ರಿ. ಈ ವಿಷಯ ಜಲ್ದಿ ಬದಲಾಗ್ತೈತಿ."

"ಓದೂ ಹಳೇದಾಗ್ತೈತೇನ? ಅಕ್ಕಾರಿಗೆ ಆಗಲೇ ಹೇಳೀನಿ. ಹೊಸಾವು ತಂದ್ವಿ ಅಂದ್ರ ಅವ್ರಿಗೆ ಅವಮಾನ ಮಾಡಿದಂಗ ಆಗೂದಿಲ್ಲೇನ?"

ಅಂಗಡಿಯವನು ನಮ್ಮಿಬ್ಬರ ಮುಖ ನೋಡಿ, ಪುಸ್ತಕಗಳನ್ನು ಮತ್ತೆ ಗೋಡೆಗೆ ಸೇರಿಸಿದ. ಅಲ್ಲಿಂದ ನೇರವಾಗಿ ಮನೀಶ್ ನಗರ. ಅಕ್ಕ ನನ್ನ ಹಣೆಗೆ ಕುಂಕುಮವಿಟ್ಟು, ಪುಸ್ತಕಗಳನ್ನು ಉಡಿಗೆ ಹಾಕಿ, "ನಂದೀಶನ ಕೈಗುಣ ಐತಿ ಇದಕ್ಕ. ಕಣ್ಣು ಮುಚ್ಚಿ ಓದು" ಎಂದರು. ಕಣ್ಣು ಮುಚ್ಚಿ ಓದಿದೆ ಎಂದೇ ಹೇಳಬೇಕು.

ಓದುವುದರಲ್ಲಿ ನಾನು ಮೈಗಳ್ಳತನ ಮಾಡಲಿಲ್ಲ. ಬೆಳಗಿನ ಡಬ್ಬಿ ಕಟ್ಟಿದ ಮೇಲೆ ಕೂತರೆ ಮಗಳು ಬರುವ ತನಕ ಏಳುತ್ತಿರಲಿಲ್ಲ. ಪುಸ್ತಕದಲ್ಲಿದ್ದ ಪ್ರತಿ ಉದಾಹರಣೆಯನ್ನೂ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದೆ. ಎಲ್ಲವೂ ನಡೆಯಿತು. ನಡೆದಾಗ ಎಷ್ಟು ಖುಷಿಪಟ್ಟೆ ಎಂದರೆ, ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ. ಅಪರಿಚಿತನ ಬಗ್ಗೆ ಓದಿದ್ದ ಆ ಅರ್ಧ ಪುಟ ಆಗಾಗ ನೆನಪಾಗುತ್ತಿತ್ತು. ಈ ಪುಸ್ತಕದಲ್ಲಿ ಅಂಥ ಮಾತೇ ಇರಲಿಲ್ಲವಾದ್ದರಿಂದ, ಅದು ಮುಂದಿನ ಪಾಠವಿರಬೇಕು ಎಂದುಕೊಂಡು ಸುಮ್ಮನಾದೆ.

ಪರೀಕ್ಷೆ ನಡೆಸಿದವಳು ಶ್ರೇಯಾ ಎಂಬ ಹುಡುಗಿ, ನನಗಿಂತ ಎಷ್ಟೋ ಚಿಕ್ಕವಳು. ರೋಗಿಯೊಬ್ಬ ತನ್ನ ಫೋನ್ ನಂಬರ್ ಹಾಕಿದರೆ ಅವನ ಸರದಿ ಯಾವಾಗ ಎಂದು ತೋರಿಸುವ ಪುಟ ಮಾಡಬೇಕಿತ್ತು. ಕೊಟ್ಟ ಸಮಯಕ್ಕೆ ಮೊದಲೇ ಮುಗಿಸಿದೆ. ನಂಬರ್ ಹಾಕಿದಳು, ಸರದಿ ಬಂತು. ನನ್ನ ಎದೆ ಹಗುರಾಯಿತು. ಆಮೇಲೆ ಅವಳು ಅದೇ ಜಾಗದಲ್ಲಿ ನಂಬರ್ ಬದಲು ಒಂದೆರಡು ಚಿಹ್ನೆ, ಒಂದು ಪುಟ್ಟ ಪದ ಹಾಕಿ ಗುಂಡಿ ಒತ್ತಿದಳು. ನನ್ನ ಪುಟ ಅದನ್ನು ಹಾಗೇ ಡೇಟಾಬೇಸಿಗೆ ಆಜ್ಞೆಯಾಗಿ ದಾಟಿಸಿತು. ಡೇಟಾಬೇಸಿನಲ್ಲಿದ್ದ ರೋಗಿಗಳ ಹೆಸರು, ನಂಬರ್, ಕಾಯಿಲೆ ಎಲ್ಲವೂ ಪರದೆಯ ಮೇಲೆ ಸಾಲುಗಟ್ಟಿ ಬಂದವು. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಮೂಲವ್ಯಾಧಿ, ಊರಿಗೆಲ್ಲ ಕಾಣುವ ಹಾಗೆ.

"ಮ್ಯಾಡಮ್, ಯೇ ಕೌನ್‌ಸೀ ಕಿತಾಬ್ ಸೇ ಸೀಖಾ ಆಪ್‌ನೇ?" ಎಂದಳು.

ಯಾವ ಪುಸ್ತಕದಿಂದ ಕಲಿತಿರಿ ಎಂದು ಅವಳು ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದರೆ ಚೆನ್ನಾಗಿತ್ತು, ನನಗೂ ಜಗಳ ಬರುತ್ತದೆ. ಅವಳು ನಿಧಾನವಾಗಿ, ಈ ರೀತಿ ಬರೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ದವಾಖಾನೆಯ ಕೆಲಸದಲ್ಲಿ ಇದೊಂದು ತಪ್ಪನ್ನು ಮಾತ್ರ ಒಪ್ಪಲಾಗುವುದಿಲ್ಲ, ಕ್ಷಮಿಸಿ ಎಂದಳು. ಆಟೋದಲ್ಲಿ ಬರುವಾಗ ಸೀತಾಬರ್ಡಿಯ ಆ ಮೇಜೇ ಕಣ್ಣ ಮುಂದೆ. ಕೈಗೆ ಬಂದದ್ದನ್ನು ಗಂಡ ತೆಗೆದಿಟ್ಟ, ನಾನು ಇಡಲು ಬಿಟ್ಟೆ.

ಮನೆಯಲ್ಲಿ ಹೇಳಿದಾಗ ಗಿರಿಧರ ಚಹಾ ಊದುತ್ತ, "ಅದs ಪುಸ್ತಕದಿಂದ ನಂದೀಶಗ ಆತು, ನಿನಗ ಆಗ್ಲಿಲ್ಲ. ಪುಸ್ತಕ ಏನ್ ಮಾಡ್ತೈತಿ?" ಎಂದ. ತಡೆಯಲಾಗದೆ ಪುಣೆಗೆ ಫೋನ್ ಮಾಡಿದೆ. ನಂದೀಶ ನಕ್ಕುಬಿಟ್ಟ.

"ವೈನೀ, ಆ ಪುಸ್ತಕ ಇನ್ನೂ ಅದಾವೇನ್ರಿ? ನಾ ಅವನ್ನ ಪೂರಾ ತೆಗದs ನೋಡಿಲ್ಲ. ನನಗ ಇಂಟರ್‌ವ್ಯೂದಾಗ ಬರೇ ಗಣಿತ ಕೇಳಿದ್ರು. ಅವ್ವ ಪೂಜಿಗೆ ಇಟ್ಟಾಳಂತ ಸುಮ್ನ ಬಿಟ್ಟೀನಿ."

ಇಷ್ಟಾದರೂ ಕಪಾಟಿಗೆ ಏನೂ ಆಗಲಿಲ್ಲ. ಹದಿನೈದು ದಿನದೊಳಗೆ ಪುಸ್ತಕ ವಾಪಸ್ ಕೊಡಿ ಎಂದು ಕರೆ ಬಂತು. ಲಕ್ಷ್ಮೀ ನಗರದ ವನಜಾಕ್ಷಿಯ ಮಗಳು ಧನುಶ್ರೀಗೆ ಅದೇ ಥರದ ಪರೀಕ್ಷೆಯಂತೆ. ನಾನೂ ಗಿರಿಧರನೂ ಅಕ್ಕನ ಮನೆಗೆ ಹೋಗುವ ಹೊತ್ತಿಗೆ ತಾಯಿ ಮಗಳು ಚಾಪೆಯ ಮೇಲೆ ಕೂತಿದ್ದರು. ಪುಸ್ತಕವನ್ನು ಹುಡುಗಿಯ ಕೈಗೆ ಕೊಡಲು ನಾನು ಮುಂದಾದೆ. ಸುಲೋಚನಕ್ಕ ತಡೆದರು.

"ನೀ ಕೊಡಬ್ಯಾಡವಾ. ತಟ್ಟ್ಯಾಗ ಇಡು, ನಾ ಕೊಡ್ತೀನಿ." ಸೆರಗಿನಿಂದ ಎರಡೂ ಪುಸ್ತಕ ಒರೆಸಿ ತಟ್ಟೆಯಲ್ಲಿಟ್ಟುಕೊಂಡರು.

ಅವರು ಒರೆಸಿದ್ದು ಧೂಳನ್ನಲ್ಲ. ನನಗೆ ತಲೆ ಕೆಟ್ಟುಹೋಯಿತು. ಎಲ್ಲರೆದುರೇ ಹೇಳಿದೆ.

"ಧನು, ಈ ಪುಸ್ತಕ ತಗೋಬ್ಯಾಡ. ಇದರಾಗಿರೋದು ತಪ್ಪು ಪದ್ಧತಿ. ಇದರಿಂದನs ನಾ ಕೆಟ್ಟೆ. ನಂದೀಶ ಸುದ್ದಾ ಇದನ್ನ ಓದಿಲ್ಲ, ಅವನs ಹೇಳ್ಯಾನ. ಸೀತಾಬರ್ಡಿಗೆ ನನ್ನ ಜೋಡಿ ಬಾ, ಯಾವುದು ಬೇಕು ಅಂತ ನಾ ಆರಿಸಿಕೊಡ್ತೀನಿ."

"ನಂದೀಶ ನಿನ್ನ ಚಾಷ್ಟಿ ಮಾಡ್ಯಾನ" ಎಂದರು ಸುಲೋಚನಕ್ಕ, ಮುಖ ಬಿಗಿದುಕೊಂಡು.

"ಆಕಿಗೆ ಬ್ಯಾಸರ ಆಗೈತ್ರಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದ ಗಿರಿಧರ.

ವನಜಾಕ್ಷಿ ಮಾತ್ರ ನೇರವಾಗಿ ನನ್ನನ್ನೇ ನೋಡಿದಳು. "ನಿಮಗ ಆಗಲಿಲ್ಲಂತ ನಮ್ಮ ಹುಡುಗೀಗೂ ಆಗಬಾರದೇನ್ರಿ?"

ನಾನು ಅವಳ ಕಡೆ ತಿರುಗಲೇ ಇಲ್ಲ. ನನಗೆ ಬೇಕಾಗಿದ್ದವಳು ಧನುಶ್ರೀ. ಅವಳ ಪಕ್ಕದಲ್ಲಿ ಕೂತು, ತಟ್ಟೆಯಿಂದ ಒಂದು ಪುಸ್ತಕ ತೆಗೆದು, ತಪ್ಪಿರುವ ಸಾಲನ್ನೇ ಬೆರಳಿಟ್ಟು ತೋರಿಸಿದೆ. ಅಪರಿಚಿತ ಏನು ಬರೆಯಬಹುದು, ಬರೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ನಾನು ಯಾರಿಗೂ ಏನನ್ನೂ ವಿವರಿಸಿರಲಿಲ್ಲ. ಹುಡುಗಿ ಗಮನವಿಟ್ಟು ಕೇಳಿದಳು. ಆಮೇಲೆ ಅವ್ವನ ಮುಖ ನೋಡಿದಳು, ಸುಲೋಚನಕ್ಕನ ಕೈಯಲ್ಲಿದ್ದ ತಟ್ಟೆ ನೋಡಿದಳು. ಕೆಟ್ಟ ಹುಡುಗಿಯಲ್ಲ, ಕೇಳಿದ್ದೂ ಮರ್ಯಾದೆಯಿಂದಲೇ, ಮರಾಠಿಯಲ್ಲಿ 'ಆದರೆ ಚಿಕ್ಕಮ್ಮ' ಎಂದು ಶುರುಮಾಡಿ.

"ಪಣ್ ಕಾಕು, ನಿಮ್ಮದು ಸಿಲೆಕ್ಷನ್ ಆಗಿಲ್ಲಲ್ಲಾ?"

"ಆಗಿಲ್ಲ" ಎಂದೆ.

ನಾನು ಅಲ್ಲಿ ಆಡಿದ್ದರಲ್ಲಿ ಅವಳು ನಂಬಿದ್ದು ಅದೊಂದನ್ನೇ. ಎದ್ದು ಹೋಗಿ, ಪುಸ್ತಕವನ್ನು ತಟ್ಟೆಗೆ ಮರಳಿಸಿ, ಅದರ ಮುಂದೆ ಉಡಿಯೊಡ್ಡಿದಳು.