ಹಲಗೆಯ ಕಾಲುಹಾದಿ

ಮೂವತ್ತು ವರ್ಷ ರೋಡ್ ರೋಲರ್ ಓಡಿಸಿದ ಅಪ್ಪನ ಬಲಗಾಲನ್ನು ಸಕ್ಕರೆ ಕಾಯಿಲೆ ಮಂಡಿಯವರೆಗೂ ನುಂಗಿಬಿಟ್ಟಿತ್ತು. ಒಂದು ಸಂಜೆ ಅವರು ಮಗಳಿಗೆ ಹೇಳಿದರು: "ಅಷ್ಟೊಂದು ರಸ್ತೆ ಹಾಕಿದೆ ಕಣೆ. ಒಂದಾದ್ರೂ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನೋಡಲಿಲ್ಲ."

ಮಗಳು ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಂದು ವಾರ ರಜೆ ಹಾಕಿ, ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟಳು. ಕಪ್ಪು ಮಣ್ಣಿನ ಬಯಲು ಮುಗಿದು ಮುಳ್ಳುಕಂಟಿಯ ಕುರುಚಲು ಬಂತು. ಅದೂ ಮುಗಿದು ಮಂಜು ಹೊದ್ದ ಹುಲ್ಲುಗುಡ್ಡಗಳು ಬಂದವು. ಅಪ್ಪನಿಗೆ ಕಿಟಕಿಯಾಚೆಯ ಜಿಂಕೆಯನ್ನೂ ನೋಡಬೇಕು, ರಸ್ತೆಯ ಡಾಂಬರನ್ನೂ ನೋಡಬೇಕು. "ಈ ತಿರುವು ಹಾಕಿದೋನು ನಿದ್ದೆಗಣ್ಣಲ್ಲಿದ್ದ" ಎಂದು ಬೈಯುತ್ತಲೇ ಬಂದರು.

ನಾಲ್ಕನೆಯ ದಿನ ರಸ್ತೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಕಾಡಿನೆದುರು ನಿಂತಿತು. ಒಳಗೆ ಹೋಗಲು ಹಲಗೆಯ ಕಾಲುಹಾದಿ. ಅದಕ್ಕೆ ಐದು ಮೆಟ್ಟಿಲು. ಟಿಕೆಟ್ ಕೊಡುವವನು ಅಪ್ಪನ ಗಾಲಿಕುರ್ಚಿ ನೋಡಿ ತಲೆಯಾಡಿಸಿದ.

"ಇದು ಹತ್ತಲ್ಲ. ಯಜಮಾನರು ಕಾರಲ್ಲೇ ಕೂತಿರ್ಲಿ. ನೀವು ಫೋಟೋ ತಂದು ತೋರಿಸಿ."

"ಫೋಟೋ ಮನೇಲೇ ನೋಡ್ತಿದ್ದೆನಲ್ಲಪ್ಪ" ಎಂದ ಅಪ್ಪ ಕುರ್ಚಿಯಿಂದ ನೆಲಕ್ಕೆ ಜಾರಿದರು. ಮೆಟ್ಟಿಲಿಗೆ ಬೆನ್ನು ಮಾಡಿ, ಎರಡೂ ಅಂಗೈ ಊರಿ, ಒಂದೊಂದೇ ಮೆಟ್ಟಿಲು ಹತ್ತತೊಡಗಿದರು.

ಮಗಳ ಮುಖಕ್ಕೆ ರಕ್ತ ನುಗ್ಗಿತು. ಎಲ್ಲರೂ ನೋಡುತ್ತಿದ್ದಾರೆ! ಎತ್ತಿಕೊಳ್ಳಲು ಬಾಗಿದಳು.

"ಮುಟ್ಟಬೇಡ."

"ಬಿಡೆ" ಎಂದಳು ಅಮ್ಮ. "ಮೊಂಡುತನಕ್ಕೆ ಕಾಲು ಬೇಕಾಗಿಲ್ಲ." ತಾನೇ ಮುಂದಾಗಿ ಹಲಗೆಯ ಮೇಲಿನ ಚಿಪ್ಪಿನ ಚೂರುಗಳನ್ನು ಪಾದದಿಂದ ಸರಿಸುತ್ತಾ ನಡೆದಳು.

ಯಾರೋ ಒಬ್ಬ ಅಪ್ಪನತ್ತ ಮೊಬೈಲ್ ಹಿಡಿದ. ಅದುವರೆಗೂ ತಲೆ ತಗ್ಗಿಸಿದ್ದ ಮಗಳು ಸೀದಾ ಹೋಗಿ ಅಂಗೈಯಿಂದ ಅದರ ಕಣ್ಣು ಮುಚ್ಚಿದಳು. "ಕಾಡು ಆ ಕಡೆ ಇದೆ." ಅವನು ಮೊಬೈಲ್ ಜೇಬಿಗಿಳಿಸಿದ. ಅವಳ ನಾಚಿಕೆಯೂ ಅಲ್ಲಿಗೇ ಇಳಿಯಿತು. ಅಪ್ಪನ ಪಕ್ಕದಲ್ಲೇ, ಬಂದವರಿಗೆ ದಾರಿ ಬಿಡದೆ, ಅವರ ವೇಗದಲ್ಲೇ ನಡೆದಳು.

ಅಪ್ಪ ಹಾಗೇ ಅಂಗೈ ಊರಿ ಸರಿಯುತ್ತಾ ಒಂದು ಗಂಟೆಯ ಮೇಲೆ ತುದಿ ಮುಟ್ಟಿದರು. ಕೆಸರಿನಿಂದ ಸಾವಿರಾರು ಬೇರುಗಳು ಉಸಿರಿಗೆಂದು ಮೇಲೆ ಚಾಚಿದ್ದವು. ನಡುವೆ ಕೆಂಪು ಏಡಿಗಳು ಅಡ್ಡಡ್ಡ ಓಡುತ್ತಿದ್ದವು. ಅಪ್ಪನ ಅಂಗೈ ಸುಲಿದಿತ್ತು, ಅವರು ನಗುತ್ತಿದ್ದರು.

"ಬೇಗ ಬನ್ನಿ, ಗೇಟ್ ಹಾಕ್ಬೇಕು!" ಟಿಕೆಟಿನವನು ದೂರದಿಂದ ಕೂಗಿದ.

"ಬಂದ ಹಾಗೇ ಬರ್ತೀವಿ" ಎಂದು ಮಗಳು ತಿರುಗಿ ಕೂಗಿದಳು. "ಅಲ್ಲೀತನಕ ಕಾಯಿರಿ!"

ಆಮೇಲೆ ಅಪ್ಪನ ಪಕ್ಕ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಳು.